ಒಣಗಿದ ಉಗುಳುಪಾತ್ರೆ

ಮದ್ಯದ ಕಾರ್ಖಾನೆಯಲ್ಲಿ ಅವನದು ರುಚಿ ನೋಡುವ ಕೆಲಸ. ಹಡಗು ಹತ್ತಿ ಪರದೇಶಕ್ಕೆ ಹೋಗುವ ಸರಕನ್ನೆಲ್ಲ ಬಾಯಲ್ಲಿ ಮುಕ್ಕಳಿಸಿ ಪಾತ್ರೆಗೆ ಉಗುಳಬೇಕು. ಒಂದು ಗುಟುಕೂ ನುಂಗಬಾರದು. ಜೊತೆಗಾರರು ಇಟ್ಟ ಹೆಸರು ಉಗುಳುಸ್ವಾಮಿ. ಆ ಪಾತ್ರೆಯನ್ನು ದಿನಾ ಸಂಜೆ ತೊಳೆಯುವವಳು, ಅಲ್ಲೇ ಕಸ ಗುಡಿಸುವ ಅವನ ಹೆಂಡತಿ. ಅವಳಪ್ಪ ಕುಡಿದೇ ಸತ್ತವನು. "ನೀವು ನುಂಗಿದ ದಿನ ನಾನು ಮನೇಲಿರಲ್ಲ" ಎಂದು ಹೇಳಿಯೇ ಮದುವೆಯಾಗಿದ್ದಳು.

ಮೊನ್ನೆ ಸಂಜೆ ಅವಳು ಪಾತ್ರೆ ತೊಳೆಯಲು ಬಂದಾಗ, ರುಚಿ ನೋಡಲು ಮದ್ಯ ಸುರಿದಿಡುವ ಲೋಟಗಳಲ್ಲಿ ಮೇಜಿನ ಮೇಲೆ ಒಂದನ್ನು ಬಿಟ್ಟು ಉಳಿದವೆಲ್ಲ ಖಾಲಿಯಾಗಿದ್ದವು. ಪಾತ್ರೆ ಒಣಗಿತ್ತು.

"ಏನ್ರೀ, ಇದು ಹಿಂಗಿದೆ?"

"ನಾನೇ ತೊಳೆದಿಟ್ಟೆ ಕಣೆ. ನಿಂಗ್ಯಾಕೆ ಕಷ್ಟ ಅಂತ."

"ಅಯ್ಯೋ, ಮನೇಲಿ ಒಂದು ತಟ್ಟೆ ಎತ್ತಿಡದ ಮಹಾರಾಯ!" ಎಂದು ನಕ್ಕಳು. ಆದರೆ ಪಾತ್ರೆ ಉಜ್ಜುವ ನಾರೂ ಒಣಗಿತ್ತು. ನಗು ಅಲ್ಲೇ ನಿಂತಿತು.

ಕುಡಿಯುವವನ ವಯಸ್ಸಿಗೆ ಕಾನೂನಿದೆ, ಬಾಟಲಿಯ ಮೇಲಿನ ಎಚ್ಚರಿಕೆಗೆ ಕಾನೂನಿದೆ. ದಿನವಿಡೀ ಬಾಯಿಗೆ ಮದ್ಯ ಹಾಕಿಕೊ, ಗಂಟಲನ್ನು ಮಾತ್ರ ನೀನೇ ಕಾಯ್ದುಕೊ ಎನ್ನುವ ಧಣಿಗೆ ಯಾವ ಕಾನೂನಿದೆ?

ಅವಳು ಉಳಿದ ಲೋಟವನ್ನು ಅವನ ಮುಂದೆ ಸರಿಸಿದಳು. "ಇದೊಂದನ್ನ ನನ್ನೆದುರಿಗೆ ಉಗುಳಿ ತೋರಿಸ್ರೀ. ನಂಬ್ತೀನಿ."

ಅವನು ಬಾಯಿಗೆ ಹಾಕಿಕೊಂಡ. ಮುಕ್ಕಳಿಸಿದ. ಪಾತ್ರೆಯ ಮೇಲೆ ಬಗ್ಗಿದ. ಬಹಳ ಹೊತ್ತು ಹಾಗೇ ಬಗ್ಗಿದ್ದ. ಒಂದು ಹನಿಯೂ ಬೀಳಲಿಲ್ಲ. ಗಂಟಲು ಮಾತ್ರ ಮೆಲ್ಲಗೆ ಆಡಿತು.