ನಾಗೇಂದ್ರಪ್ಪನ ‘ಹಿರಿಯರು’ ಫೋಲ್ಡರ್

ವಡ್ಡು ಗ್ರಾಮದ ಉಚ್ಚೆಂಗಮ್ಮ ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ, ಸಂಡೂರಿನ ನಾಗೇಂದ್ರಪ್ಪನ ಫೋಟೊ ಸ್ಟುಡಿಯೊ ಮೆಟ್ಟಿಲು ಹತ್ತುತ್ತಿದ್ದಳು. ತೀರಿಹೋದ ಗಂಡ ಓಬಳೇಶನ ಫೋಟೊವನ್ನು ಹೊಸದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗುವುದು ಅವಳ ಪದ್ಧತಿ. ಹಿರಿಯರಿಗೆ ಎಡೆ ಇಡುವ ದಿನ ಆ ಫೋಟೊದ ಹಣೆಗೆ ಭಂಡಾರದ ಅರಿಶಿನ ಹಚ್ಚುವಳು. ಆಮೇಲೂ ಸೋಮವಾರಕ್ಕೊಮ್ಮೆ ಹಚ್ಚುವಳು. ವರ್ಷ ತುಂಬುವ ಹೊತ್ತಿಗೆ ಮುಖ ತಿಕ್ಕಿಹೋಗಿ, ಕಾಗದದ ಮೇಲೆ ಹಳದಿ ಬಣ್ಣ ಮಾತ್ರ ಉಳಿದಿರುತ್ತಿತ್ತು.

“ಒಂದು ಗಾಜು ಹಾಕಿಸವ್ವ, ಹತ್ತು ವರ್ಷ ಬಾಳಿಕಿ ಬರ್ತೈತಿ” ಎಂದು ನಾಗೇಂದ್ರಪ್ಪ ಎಷ್ಟು ಸಲ ಹೇಳಿದ್ದನೋ.

“ಗಾಜಿನ ಹಿಂದ ಕುಂದ್ರಿಸಿದ್ರ ಮುಟ್ಟೂದು ಹ್ಯಾಂಗಣ್ಣ? ಬದುಕಿದ್ದಾಗ್ಲೇ ಕೈಗೆ ಸಿಗತಿದ್ದಿಲ್ಲ ಆ ಮನಿಶ್ಯಾ” ಎಂದು ಅವಳು ನಗುವಳು.

ಓಬಳೇಶ ಶಾಮಿಯಾನ ಹಾಕುತ್ತಿದ್ದವ. ಸುತ್ತಲ ಊರಿನ ಯಾವ ಮದುವೆಯಿದ್ದರೂ ಕಂಬ ನೆಟ್ಟು, ಬಟ್ಟೆ ಬಿಗಿದು, ತಾನು ಮರೆಯಲ್ಲಿ ನಿಲ್ಲುವ ಪೈಕಿಯವ. ಹನ್ನೊಂದು ವರ್ಷದ ಹಿಂದೆ ಕಂಬದ ಲಾರಿಯ ಮೇಲಿಂದ ಬಿದ್ದು ತೀರಿಕೊಂಡ. ಮನೆಯಲ್ಲಿ ಒಂದು ಫೋಟೊ ಇರಲಿಲ್ಲ. ವೋಟಿನ ಕಾರ್ಡಿನಲ್ಲಿದ್ದದ್ದು ಬರೀ ಕರಿ ಮಚ್ಚೆ. ಉಚ್ಚೆಂಗಮ್ಮ ಬಂದು, “ಯಾವುದಾರ ಮದಿವಿ ಫೋಟೊದಾಗ ನಮ್ಮನಿಯವ್ರು ಬಿದ್ದಾರೇನು ನೋಡಣ್ಣ” ಅಂದಿದ್ದಳು. ನಾಗೇಂದ್ರಪ್ಪ ನಾಲ್ಕು ದಿನ ಕಣ್ಣು ಕೀಲಿಸಿ ಹುಡುಕಿ, ಕುರೆಕುಪ್ಪದ ಒಂದು ಮದುವೆಯ ಫೋಟೊದಲ್ಲಿ ಅವನನ್ನು ಹಿಡಿದಿದ್ದ. ಹಂದರದ ಹಗ್ಗ ಕಟ್ಟುತ್ತಿದ್ದವನು ಯಾರೋ ಕರೆದಂತಾಗಿ ಕ್ಯಾಮೆರಾದ ಕಡೆ ತಿರುಗಿದ್ದ. ಮುಖ ಬಿದ್ದದ್ದು ಅದೊಂದರಲ್ಲೇ.

ನಾಗೇಂದ್ರಪ್ಪ ಓದಿದ್ದು ಏಳನೆಯ ಇಯತ್ತೆ. ಕತ್ತಲೆ ಕೋಣೆಯಲ್ಲಿ ರೀಲು ತೊಳೆಯುವುದನ್ನು ನೋಡಿ ಕಲಿತವ, ಕಂಪ್ಯೂಟರನ್ನೂ ಹಾಗೆಯೇ ತಡಕಾಡಿ ಒಲಿಸಿಕೊಂಡವ. ಆ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಇರಬೇಕಾದದ್ದೇ. ಅವನದೊಂದು ಕಟ್ಟುನಿಟ್ಟಿತ್ತು: ಸತ್ತವರನ್ನು ಮದುವೆ ಫೋಟೊಗಳ ಜೊತೆ ಇಡುವಂತಿಲ್ಲ. ಹಿಂದೊಮ್ಮೆ ಮದುಮಗಳ ತಾಯಿಗೆ ಆಲ್ಬಂ ತೋರಿಸುವಾಗ ನಡುವೆ ಹಾರ ಹಾಕಿದ ಮುದುಕನೊಬ್ಬ ಬಂದುಬಿಟ್ಟು, ಆಕೆ ಎದ್ದು ಹೋದವಳು ತಿರುಗಿ ಬಂದಿರಲಿಲ್ಲ. ಅಂದಿನಿಂದ ಮದುವೆ, ಸೀಮಂತ, ನಾಮಕರಣವೆಲ್ಲ ಕಂಪ್ಯೂಟರಿನ ಡಿ ಡ್ರೈವಿನಲ್ಲಿ. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಅವರ ಫೋಟೊವನ್ನು ಅಲ್ಲಿಂದ ಕಿತ್ತು, ಸಿ ಡ್ರೈವಿನ ಒಳಗೊಳಗಿನ ‘ಹಿರಿಯರು’ ಎಂಬ ಫೋಲ್ಡರಿಗೆ ಸೇರಿಸುವನು. ಹಳೆಯ ಜಾಗದಲ್ಲಿ ನಕಲನ್ನೂ ಬಿಡುವವನಲ್ಲ. ಓಬಳೇಶ ಹೋದದ್ದೂ ಹಾಗೆಯೇ. ಅಷ್ಟು ಆಳಕ್ಕೆ ಪ್ರತಿ ಸಲ ಇಳಿಯುವುದು ತ್ರಾಸೆಂದು, ಎದುರಿನ ಪರದೆಯ ಮೂಲೆಯಲ್ಲಿ ಆ ಫೋಲ್ಡರಿನದೊಂದು ಗುರುತು ಮಾಡಿಟ್ಟುಕೊಂಡಿದ್ದ. ಒತ್ತಿದರೆ ನಾನೂರಕ್ಕೂ ಹೆಚ್ಚು ಮುಖಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು.

ಕಳೆದ ವರ್ಷ ಆಗಸ್ಟಿನಲ್ಲಿ ಹೊಸಪೇಟೆಯ ಕಂಪ್ಯೂಟರ್ ರಿಪೇರಿ ಲಿಂಗರಾಜ್ ಬಂದು ಕೂತ. “ಅಣ್ಣಾರ, ಅಕ್ಟೋಬರ್ ದಾಟಿದ್ರ ಈ ವಿಂಡೋಸ್ ಟೆನ್ನಿಗೆ ಕಂಪನಿಯವ್ರ ಕಾವಲಿರಂಗಿಲ್ಲ. ಇಲೆವೆನ್ ಹಾಕಿಬಿಡೂಣು. ಹಳೇದರ ಮ್ಯಾಲೇ ಹಾಕಿದ್ರ ಮಷಿನ್ ನಿಧಾನ ಆಗತೈತಿ. ಸಿ ಡ್ರೈವ್ ಪೂರಾ ಒರೆಸಿ ಹೊಸದಾಗಿ ಹಾಕ್ತೀನಿ. ಏನೇನು ಬೇಕೋ ತಗದಿಟ್ಕೊಳ್ರಿ.”

“ನನಗ ಹೇಳಿಕೊಡ್ತೀಯೇನಲೇ? ನೀ ಚಡ್ಡಿ ಹಾಕ್ಕೊಳ್ಳೂದ್ಕಿಂತ ಮೊದ್ಲ ನಾ ಮೌಸ್ ಹಿಡದಾಂವ” ಎಂದ ನಾಗೇಂದ್ರಪ್ಪ.

ಎಂಟು ದಿನ ಮದುವೆ ಮನೆಯವರ ಹಾಗೆ ಓಡಾಡಿದ. ಶಾಲೆಯ ನೋಟ್‌ಬುಕ್ಕಿನಲ್ಲಿ ಪಾಸ್‌ವರ್ಡುಗಳನ್ನು ಬರೆದ. ಆಲ್ಬಂ ಸಾಫ್ಟ್‌ವೇರಿನ ಕೀಲಿ ಸಂಖ್ಯೆಯನ್ನು ಎರಡು ಕಡೆ ಬರೆದ, ಪ್ರಿಂಟರಿನ ಸಿಡಿಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದ, ಕನ್ನಡದ ಹಳೆಯ ಅಕ್ಷರಗಳ ಫಾಂಟುಗಳನ್ನು ಬೇರೆ ತೆಗೆದಿಟ್ಟ. ಹೊಸ ಹಾರ್ಡ್ ಡಿಸ್ಕ್ ತಂದು, ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿ, ಹದಿನೇಳು ವರ್ಷದ ಮದುವೆಗಳನ್ನು ಅದಕ್ಕೆ ತುಂಬಿದ. ಹಿರಿಯರನ್ನು ಆ ಡಿಸ್ಕಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಅವರಿಗೆಂದೇ ಬೇರೆ ಪೆನ್‌ಡ್ರೈವ್ ತಂದು, ಪರದೆಯ ಮೂಲೆಯ ಗುರುತನ್ನು ಹಿಡಿದು ಎಳೆದು ಅದರೊಳಗೆ ಬಿಟ್ಟ. ಬಿಟ್ಟು ಸುಮ್ಮನಿದ್ದನೇ? ಪೆನ್‌ಡ್ರೈವ್ ತೆರೆದು ಒತ್ತಿ ನೋಡಿದ. ಮುಖಗಳೆಲ್ಲ ಬಂದವು. ಓಬಳೇಶನೂ ಇದ್ದ. ನೋಟ್‌ಬುಕ್ಕಿನಲ್ಲಿ ‘ಹಿರಿಯರು’ ಎಂಬುದರ ಮುಂದೆ ಸರಿ ಗುರುತು ಹಾಕಿದ.

ಪಿತೃಪಕ್ಷದಲ್ಲಿ ಹೊಸದೇನೂ ಮಾಡಬಾರದೆಂದು, ಪಕ್ಷ ಹುಟ್ಟುವ ಮೊದಲೇ ಲಿಂಗರಾಜನನ್ನು ಕರೆಸಿದ.

“ಎಲ್ಲಾ ತಗದೀರಿಲ್ರಿ? ಒರೆಸ್ಲೇನು?”

“ಒರೆಸಪ್ಪ, ಜಲ್ದಿ ಒರೆಸು.”

ಹದಿನೈದು ದಿನಕ್ಕೆ ಉಚ್ಚೆಂಗಮ್ಮ ಬಂದಳು. ಸೆರಗಿನಲ್ಲಿ ಎರಡು ಮುಷ್ಟಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು. “ಹೊಸ ಮಷಿನ್ ಏನಣ್ಣ? ನಮ್ಮನಿಯವ್ರು ಇದ್ರಾಗ ಬೆಳ್ಳಗ ಬರ್ತಾರೇನು?”

“ಮಾರಿ ಅದೇ ಇರತೈತವ್ವ, ಮಷಿನ್ನಿನ ಒಳಗಿಂದಷ್ಟ ಹೊಸದು” ಎನ್ನುತ್ತ ನಾಗೇಂದ್ರಪ್ಪ ಪೆನ್‌ಡ್ರೈವ್ ಚುಚ್ಚಿ ‘ಹಿರಿಯರು’ ಒತ್ತಿದ. ಫೋಲ್ಡರಿನ ಜಾಗ ಸಿಗುತ್ತಿಲ್ಲವೆಂದು ಪರದೆಯ ಮೇಲೆ ಒಂದು ಚೌಕಟ್ಟು ಬಂತು. ಮತ್ತೆ ಒತ್ತಿದ. ಅದೇ ಬಂತು. ಲಿಂಗರಾಜನಿಗೆ ಫೋನು ಹಚ್ಚಿದ.

“ಎಷ್ಟು ಸೈಜ್ ತೋರಿಸತೈತ್ರಿ?”

“ಎರಡು.”

“ಎರಡು ಜಿಬಿ?”

“ಕೆಬಿ ಅಂತೈತಲೋ.”

“ಅಣ್ಣಾರ, ನೀವು ಕಾಪಿ ಮಾಡಿದ್ದು ಶಾರ್ಟ್‌ಕಟ್. ಕೈಮರ ಇದ್ದಂಗ ಅದು. ಊರಿನ ದಾರಿ ತೋರಿಸತೈತಿ ಅಷ್ಟ, ಊರು ಅದ್ರೊಳಗ ಇರಂಗಿಲ್ಲ. ಫೋಟೊ ಸಿ ಡ್ರೈವಿನಾಗ ಇದ್ವು, ಅದಕ್ಕ ಅವತ್ತು ಕಂಡ್ವು.”

“ಮತ್ತ ಈಗ?”

“ಒರೆಸಿಬಿಟ್ಟೀವಲ್ರೀ. ಅದರ ಮ್ಯಾಲೆ ಹೊಸದೂ ಹಾಕೀವಿ. ಬಂದು ನೋಡ್ತೀನಿ, ಆದ್ರ ಆಶಾ ಇಟ್ಕೋಬ್ಯಾಡ್ರಿ.”

ನಾಗೇಂದ್ರಪ್ಪ ಫೋನು ಕೆಳಗಿಟ್ಟ. “ಹೋದ ವರ್ಷದ ಫೋಟೊ ಮನ್ಯಾಗ ಐತೇನವ್ವ? ಎಷ್ಟು ಅಳಿಸಿದ್ರೂ ನಡೀತೈತಿ, ತಂದುಕೊಡು, ತಿದ್ದಿಕೊಡ್ತೀನಿ.”

“ಮುಂಜಾನೇನ ಕೆರಿಗೆ ಬಿಟ್ಟು ಬಂದೀನಿ. ಹೊಸದು ಬರೋ ದಿನ ಹಳೇದು ಮನ್ಯಾಗ ಇರಬಾರದಲ್ಲಣ್ಣ.” ಅವಳಿಗೆ ಇನ್ನೂ ತಿಳಿದಿರಲಿಲ್ಲ. ಅವನು ಹೇಳಿದ. ಇದ್ದದ್ದನ್ನು ಇದ್ದಂತೆ, ತಪ್ಪು ತನ್ನದೆಂದೇ ಹೇಳಿದ. ಅವಳು ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಶೇಂಗಾವನ್ನು ಮೇಜಿನ ಮೇಲೆ ಸುರಿದು, ಬರಿದಾದ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ನಾಗೇಂದ್ರಪ್ಪ ಹೊಸ ಡಿಸ್ಕ್ ಹಚ್ಚಿ ಕುರೆಕುಪ್ಪದ ಆ ಮದುವೆಯನ್ನು ತೆರೆದ. ಮುಖವಿದ್ದ ಫೋಟೊವನ್ನು ಕಿತ್ತು ಒಯ್ದದ್ದು ಅವನದೇ ಕೈ. ಮಿಕ್ಕವು ಮುನ್ನೂರಿದ್ದವು. ಅಕ್ಷತೆ, ಆರತಿ, ಊಟದ ಪಂಕ್ತಿ. ಮಧ್ಯಾಹ್ನವೆಲ್ಲ ಇಬ್ಬರೂ ಮದುಮಕ್ಕಳನ್ನು ಬಿಟ್ಟು ಅಂಚುಗಳನ್ನೇ ನೋಡಿದರು. ಕೊನೆಗೆ ಅವಳೇ ಬೆರಳಿಟ್ಟಳು.

“ಇಲ್ಲಿ.”

ಕಂಬದ ಪಕ್ಕ ಒಬ್ಬ ಬೆನ್ನು ಮಾಡಿ ನಿಂತಿದ್ದ. ಹೆಗಲ ಮೇಲೆ ಸುತ್ತಿದ ಹಗ್ಗ, ಅಂಗಿಯ ಹರಿದ ಕಾಲರಿಗೆ ಹೊಲಿಗೆ ಬಿದ್ದಿತ್ತು.

“ಹ್ಯಾಂಗ ಹೇಳ್ತಿ ತಾಯಿ?”

“ಆ ಕಾಲರ್ ನಾನ ಹೊಲದಿದ್ದು. ನೂಲು ಬ್ಯಾರೆ ಬಣ್ಣ ಐತಿ ನೋಡು.”

ಅವನು ಅಷ್ಟನ್ನೇ ದೊಡ್ಡದು ಮಾಡಿ ಪ್ರಿಂಟ್ ತೆಗೆದ. ಉಚ್ಚೆಂಗಮ್ಮ ಬಿಸಿ ಆರದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ಹಣಿ ಇಲ್ಲಲ್ಲಣ್ಣ. ಭಂಡಾರ ಎಲ್ಲಿ ಹಚ್ಚಲಿ?”

ಅವಳು ಇನ್ನೊಂದು ಗಳಿಗೆ ನಿಂತು, ಹಗ್ಗವಿದ್ದ ಹೆಗಲ ಮೇಲೆ ಹೆಬ್ಬೆರಳಾಡಿಸಿ ಜಾಗ ನೋಡಿಕೊಂಡಳು. ಆಮೇಲೆ ಫೋಟೊವನ್ನು ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದಳು.

ನಾಗೇಂದ್ರಪ್ಪ ನೋಟ್‌ಬುಕ್ ತೆರೆದು ‘ಹಿರಿಯರು’ ಎಂಬುದರ ಮುಂದಿನ ಸರಿ ಗುರುತನ್ನು ಹೊಡೆದುಹಾಕಿದ. ಅದರ ಕೆಳಗೆ, ನೆನಪಾದಷ್ಟು ಮಂದಿಯ ಹೆಸರು ಮತ್ತು ಊರು ಬರೆಯಲು ಕೂತ. ನಾಳೆಯಿಂದ ಅವರ ಮನೆಗಳಿಗೆ ಹೋಗಿ, ನಕಲು ತೆಗೆಯಲು ಗೋಡೆಯ ಮೇಲಿನ ಫೋಟೊಗಳನ್ನು ಕೇಳಬೇಕಿತ್ತು. ಮೊದಲು ಓಬಳೇಶ ಎಂದು ಬರೆದ, ಮುಂದೆ ವಡ್ಡು ಎಂದು ಬರೆದ. ಅಲ್ಲಿ ಗೋಡೆಯ ಮೇಲೆ ಏನೂ ಇಲ್ಲವೆಂದು ಗೊತ್ತಿದ್ದೂ ಆ ಹೆಸರನ್ನು ಹಾಗೆಯೇ ಬಿಟ್ಟ.