ಮುತ್ಯಾ ತಿರುಗಿ ಬಂದ ಮನೆ

ನಮ್ಮ ಮನೆತನದ ಮೂರು ತಲೆಮಾರುಗಳ ಮೇಲೆ ನಾನೊಂದು ಕಾದಂಬರಿ ಬರೆದೆ. ಯಾದಗಿರಿಯಲ್ಲಿ ಅದರ ಚರ್ಚೆ ಇಟ್ಟಿದ್ದರು. ಇಸ್ತ್ರಿ ಮುರಿಯದ ಜುಬ್ಬಾ ಹಾಕಿಕೊಂಡು ಬಂದ ವಿಮರ್ಶಕರೊಬ್ಬರು, ಇದರಲ್ಲಿ ಕಾಲ ಚಕ್ರದಂತೆ ತಿರುಗುತ್ತದೆ, ಅಜ್ಜನೇ ಮೊಮ್ಮಗನಾಗಿ ಮರಳುತ್ತಾನೆ ಎಂದು ಎಲ್ಲರ ಚಹಾ ಆರುವವರೆಗೆ ಕೊರೆದರು. ನನಗೆ ಮೈ ಉರಿಯಿತು. ಉಂಡ ಗಂಗಾಳವನ್ನು ಎಂದೂ ಎತ್ತಿಡದ ಗಂಡಸಿಗೆ ಮಾತ್ರ ಇದು ಇಷ್ಟು ಸೊಗಸಾಗಿ ಕಾಣುತ್ತದೆ.

ಸುರಪುರದ ನಮ್ಮ ಮನೆಯಲ್ಲಿ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಗಂಗಾಳವನ್ನೇ ಎತ್ತಿ ಅಂಗಳಕ್ಕೆ ಒಗೆಯುತ್ತಿದ್ದ. ದೊಡ್ಡ ಪರಾಕ್ರಮ. ಅವ್ವ ಹೋಗಿ ಅದನ್ನು ಎತ್ತಿಕೊಂಡು ಬಂದು, ತೊಳೆದು, ಮತ್ತೆ ಬಡಿಸುತ್ತಿದ್ದಳು. ಅವನು ಸತ್ತ ಮೇಲೆ ಹುಟ್ಟಿದ ನನ್ನ ತಮ್ಮನಿಗೆ ಅವನದೇ ಹೆಸರಿಟ್ಟರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಅವ್ವ ತೊಟ್ಟಿಲ ಕೂಸನ್ನೇ 'ಮಾವ' ಎಂದು ಕರೆದಳು, 'ರೀ' ಹಚ್ಚಿ ಮಾತಾಡಿಸಿದಳು. ಚಡ್ಡಿ ಒದ್ದೆ ಮಾಡಿಕೊಂಡು ನಿಂತ ಮಾವನಿಗೆ ಒಂದು ಏಟು ಹಾಕಲೂ ಅವಳಿಗೆ ಕೈ ಬರಲಿಲ್ಲ. ಅವನು ಮೊದಲ ಸಲ ಗಂಗಾಳ ಒಗೆದ ದಿನ ಅಪ್ಪ ಮೀಸೆ ತಿರುವಿ, "ಮುತ್ಯಾ ತಿರುಗಿ ಬಂದಾನ" ಎಂದ. ಅವ್ವ ಎದ್ದು ಹೋಗಿ ಎತ್ತಿಕೊಂಡು ಬಂದಳು. ಸಾಯುವವರೆಗೂ ಎತ್ತಿದಳು.

ಅವಳು ಹೋದ ಮೇಲೆ ತಮ್ಮನಿಗೆ ಮಗಳು ಹುಟ್ಟಿದಳು, ಅವ್ವನ ಹೆಸರಿಟ್ಟರು. ಅದೇ ರೂಢಿಯಂತೆ ತಮ್ಮನ ಹೆಂಡತಿ ಮಗಳನ್ನು 'ಅತ್ತಿ', ಅಂದರೆ ಅತ್ತೆ, ಎನ್ನುತ್ತಾಳೆ. ಆದರೆ ಈ 'ಅತ್ತಿ'ಗೆ ಯಾರೂ 'ರೀ' ಹಚ್ಚಲಿಲ್ಲ. ನಡೆಯಲು ಕಲಿತದ್ದೇ ತಡ, ತನ್ನ ಅಪ್ಪ ಒಗೆದ ಗಂಗಾಳವನ್ನು ಓಡಿಹೋಗಿ ತರುವ ಕೆಲಸ ಅವಳ ಪಾಲಿಗೆ ಬಂತು. ಎಷ್ಟು ಜಾಣಿ ಎಂದು ಎಲ್ಲರೂ ಹೊಗಳುತ್ತಿದ್ದರು. ಈ ಕೂಸೂ ಸಾಯುವವರೆಗೆ ಬಗ್ಗಬೇಕೇ?

ಚರ್ಚೆ ಮುಗಿದ ದಿನ, ಶಹಾಪುರದಲ್ಲಿ ಗಂಡನ ಮನೆಗೆ ಇಳಿಯದೆ, ಅದೇ ಬಸ್ಸಿನಲ್ಲಿ ನೇರ ಸುರಪುರಕ್ಕೆ, ತವರಿಗೆ ಹೋದೆ. ಎಲ್ಲರೂ ಊಟಕ್ಕೆ ಕೂತೆವು. ಪುಂಡಿಪಲ್ಯ ಖಾರವಾಗಿತ್ತು. ತಮ್ಮ ಹುಬ್ಬು ಗಂಟಿಕ್ಕುವಷ್ಟರಲ್ಲಿ ಕೂಸೇ ತನ್ನ ಗಂಗಾಳ ಎತ್ತಿ ಅಂಗಳಕ್ಕೆ ಒಗೆಯಿತು. ತಮ್ಮ ಹೊಡೆಯಲು ಕೈ ಎತ್ತಿದ.

"ಅವ್ವನ ಮ್ಯಾಲ ಕೈ ಎತ್ತಾಕತ್ತಿ ನೋಡು," ಎಂದೆ.

ಅವನು ಹಲ್ಲು ಕಡಿದ. "ಅವ್ವ ಎಂದೂ ಗಂಗಾಳ ಒಗದಿಲ್ಲ."

"ಇಷ್ಟು ದಿನ ತಡಕೊಂಡಿದ್ಲು. ಈಗ ಒಗದಾಳ."

ಅವನ ಕೈ ಇಳಿಯಿತು. ಅವನ ಹೆಂಡತಿ ಅಭ್ಯಾಸದಂತೆ ಅಂಗಳಕ್ಕೆ ಹೊರಟಳು. ನಾನು ರಟ್ಟೆ ಹಿಡಿದು ಕೂರಿಸಿದೆ. ಕೂಸೂ ಏಳಲಿಲ್ಲ. ಹೊರಗೆ ಕೋಳಿಗಳು ಚೆಲ್ಲಿದ ಪಲ್ಯಕ್ಕೆ ಬಾಯಿ ಹಾಕಿದವು. ಒಬ್ಬರೂ ಕದಲದಿದ್ದಾಗ ತಮ್ಮನಾಗಿ ತಿರುಗಿ ಬಂದ ಮುತ್ಯಾನೇ ಎದ್ದು ಹೋಗಿ, ಬಗ್ಗಿ, ಗಂಗಾಳ ಎತ್ತಿಕೊಂಡು ಬಂದ.