ರಾಯಲ್ಟಿ ನಂಬಿ ನೌಕರಿ ಬಿಟ್ಟ ಗಿರಿಜಕ್ಕ

ಗಿರಿಜಕ್ಕ ತಾವು ಬರೆಯುತ್ತಿದ್ದ ಕಾದಂಬರಿಯ ಪಾತ್ರಗಳ ವಿಷಯವನ್ನು ಸ್ವಂತ ಬಳಗದವರ ಸುದ್ದಿಯಂತೆ ಹೇಳುತ್ತಿದ್ದರು. ಮುಂಡರಗಿಯ ಖಾಸಗಿ ಶಾಲೆಗೆ ನಾನು ಹೊಸದಾಗಿ ಸೇರಿದ ವಾರವೇ ಅವರು ಸ್ಟಾಫ್ ರೂಮಿನಲ್ಲಿ ಕಣ್ಣೊರೆಸಿಕೊಳ್ಳುತ್ತ, “ನೀಲವ್ವ ನಸುಕಿನ್ಯಾಗ ಹೋಗಿಬಿಟ್ಲು” ಎಂದರು. ನಾನು ಗಾಬರಿಯಾಗಿ, “ಮಣ್ಣು ಮಾಡೂದು ಎಷ್ಟೊತ್ತಿಗ್ರಿ ಅಕ್ಕಾ?” ಎಂದು ಕೇಳಿದೆ. ಉಳಿದವರು ಗೊಳ್ಳೆಂದು ನಕ್ಕರು. ಬೆಟಗೇರಿಯ ನೇಕಾರರ ಮನೆಯ ಆ ಮುದುಕಿ ಸತ್ತದ್ದು ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ.

ಅವರು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದರು. ದೊಡ್ಡ ದನಿ, ದೊಡ್ಡ ಕುಂಕುಮ. ಯಾರ ಡಬ್ಬಿಯಲ್ಲಿ ಏನಿದೆ ಎಂದು ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ. ಗಂಡನ ಕಿರಾಣಿ ಅಂಗಡಿ ಅಷ್ಟಕ್ಕಷ್ಟೇ. ಗದುಗಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳ ಫೀ ಇವರ ಸಂಬಳದಿಂದಲೇ ಹೋಗಬೇಕಿತ್ತು.

ಹಾಗಿರುವಾಗ ಒಂದು ದಿನ ಗದುಗಿನ ಪ್ರಕಾಶಕರೊಬ್ಬರು ಕಾದಂಬರಿ ಅಚ್ಚು ಹಾಕಲು ಒಪ್ಪಿದರೆಂದು ಗಿರಿಜಕ್ಕ ಪೇಡೆ ಹಂಚಿದರು. ಪೇಡೆ ಇನ್ನೂ ಬಾಯಲ್ಲಿದ್ದಾಗಲೇ, “ರಾಜೀನಾಮಿ ಕೊಟ್ಟು ಬಂದೆ” ಎಂದರು.

“ಖರೇನ್ರಿ ಅಕ್ಕಾ?” ಎಂದೆ.

“ಖರೆನವಾ. ಇನ್ನ ರಾಯಲ್ಟಿ ಮ್ಯಾಲ ಸಂಸಾರ ನಡೀತೈತಿ. ನಾ ಬರಕೊಂತ ಕುಂಡ್ರಾಕಿ.”

ಒಪ್ಪಂದಕ್ಕೆ ಸಹಿ ಹಾಕಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಪ್ರಕಾಶಕರು ವಯಸ್ಸಾದವರು, ಮೃದು ಮಾತಿನವರು. ಚಹಾ ತರಿಸಿದರು. ಗಿರಿಜಕ್ಕ ನೇರವಾಗಿ ಕೇಳಿದರು: “ಮುಂಗಡ ಎಷ್ಟು ಕೊಡ್ತೀರಿ?”

“ಮುಂಗಡ ಅಂತ ಏನೂ ಇಲ್ರಿ. ಐನೂರು ಪ್ರತಿ ಹಾಕತೀವಿ. ಮಾರಿದ್ದಕ್ಕ ನೂರಕ್ಕ ಹತ್ತು ನಿಮಗ, ಅದೂ ವರ್ಷ ಆದಮ್ಯಾಲ. ಅರ್ಧ ರೊಕ್ಕ, ಅರ್ಧ ಪುಸ್ತಕ.”

“ಐನೂರೂ ಮಾರತಾವಲ್ರಿ?”

“ಮೊದಲನೇ ಕಾದಂಬರಿ ವರ್ಷದಾಗ ನೂರು ಹೋದ್ರ ನನಗ ಹಬ್ಬ ಇದ್ದಂಗ, ಅಕ್ಕಾರ.”

ಪುಸ್ತಕದ ಬೆಲೆ ಇನ್ನೂರೈವತ್ತು. ಗಣಿತದ ಟೀಚರಾದ ನನ್ನ ತಲೆಯಲ್ಲಿ ಲೆಕ್ಕ ತಾನಾಗಿಯೇ ಮುಗಿಯಿತು. ಐನೂರಕ್ಕೆ ಐನೂರು ಮಾರಿದರೂ ಅವರ ಒಂದು ತಿಂಗಳ ಸಂಬಳ ಆಗುತ್ತಿರಲಿಲ್ಲ. ಗಿರಿಜಕ್ಕನ ಕೈಯಲ್ಲಿ ವಾಲಿದ ಕಪ್ಪು-ಬಸಿಯಿಂದ ಚಹಾ ಸೀರೆಯ ಮೇಲೆ ಸುರಿಯುತ್ತಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

“ನಾ ನೌಕರಿ ಬಿಟ್ಟೀನ್ರಿ” ಎಂದರು.

ಆಗ ಬೆಚ್ಚಿದ್ದು ಪ್ರಕಾಶಕರು. ಕುರ್ಚಿಯಿಂದ ಎದ್ದೇಬಿಟ್ಟರು. “ಯಾರ್ ಹೇಳಿದ್ರಿ ನಿಮಗ ಬಿಡ್ರಿ ಅಂತ? ನಾನ ಈ ಪುಸ್ತಕಾ ನಂಬಿ ಬದುಕಿಲ್ರೀ! ಮದುವಿ ಕಾರ್ಡ್ ಪ್ರಿಂಟ್ ಮಾಡಿ ಮನಿ ನಡಸ್ತೀನಿ.”

ಗಿರಿಜಕ್ಕ ಬಸಿಯನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಎದ್ದು ಹೊರಡುತ್ತಾರೆಂದುಕೊಂಡೆ. ಆದರೆ ಅವರು ಪೆನ್ನು ತೆಗೆದು ಸಹಿ ಹಾಕಿದರು.

ಹಿಂದಿರುಗುವ ಬಸ್ಸು ಡಂಬಳ ದಾಟಿದ ಮೇಲೆ, “ಮಗಳಿಗೆ ಏನ್ ಹೇಳಲೇ ಲಲಿತಾ?” ಎಂದು ನನ್ನ ಮುಂಗೈ ಹಿಡಿದರು.

ರಾಜೀನಾಮೆ ಹಿಂದಕ್ಕೆ ಪಡೆಯಲು ಹೋದಾಗ ಹೆಡ್‌ಮಾಸ್ಟರು ತಲೆಯಾಡಿಸಿದರು. ಬೇರೆಯವರನ್ನು ತೆಗೆದುಕೊಂಡಾಗಿತ್ತು. ಕೊನೆಗೆ ಶಿರಹಟ್ಟಿಯ ಶಾಲೆಯೊಂದರಲ್ಲಿ ಕಡಿಮೆ ಸಂಬಳಕ್ಕೆ ಕೆಲಸ ಸಿಕ್ಕಿತು. ಬಸ್ಸು ಬದಲಿಸಿ ಓಡಾಡಿದರು, ಸಂಜೆ ಟ್ಯೂಶನ್ ಹೇಳಿದರು. ಮಗಳ ಫೀ ಹೇಗೋ ಕಟ್ಟಿದರು.

ಪುಸ್ತಕ ಬಂದು ವರ್ಷವಾದ ಮೇಲೆ ಹಳೆಯ ಗೆಳತಿಯರನ್ನೆಲ್ಲ ಖಾನಾವಳಿಗೆ ಕರೆದರು. “ರಾಯಲ್ಟಿ ಬಂದೈತಿ. ಎಲ್ಲಾರೂ ಉಣ್ರಿ.” ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಂತು. ಬಿಲ್ ಬಂದಾಗ ಗಿರಿಜಕ್ಕ ಪ್ರಕಾಶಕರು ಕೊಟ್ಟ ಲಕೋಟೆಯನ್ನು ಬಿಚ್ಚಿದರು. ಆ ಹಣ ನಮ್ಮ ಒಂದು ಹೊತ್ತಿನ ಊಟಕ್ಕೂ ಸಾಲಲಿಲ್ಲ! ನಾನು ಪರ್ಸಿಗೆ ಕೈ ಹಾಕಿದೆ.

“ಕೈ ತಗಿ” ಎಂದು ಗದರಿದರು. ಕಡಿಮೆ ಬಿದ್ದದ್ದನ್ನು ತಮ್ಮ ಟ್ಯೂಶನ್ ಹಣದಿಂದ ತುಂಬಿದರು. “ಎರಡನೇ ಕಾದಂಬರಿ ಅರ್ಧಾ ಆಗೇತಿ.”

“ಇಷ್ಟಾದ ಮ್ಯಾಲೂ ಬರಿಯಾಕ ಹತ್ತೀರೇನ್ರಿ?” ಎಂದೆ.

“ಹೊಟ್ಟಿಗೆ ನೌಕರಿ ಐತಲ್ಲವಾ ಈಗ. ಇನ್ಯಾರಿಗೆ ಅಂಜೂದು?”

ಅವರನ್ನು ಕಂಡದ್ದು ಅದೇ ಕೊನೆ. ಸಂಸಾರ ಶಿರಹಟ್ಟಿಗೆ ಹೋಯಿತೆಂದು ಕೇಳಿದೆ. ಫೋನ್ ನಂಬರು ಬದಲಾಗಿದೆ. ಗದುಗಿಗೆ ಹೋದಾಗಲೆಲ್ಲ ಪುಸ್ತಕದಂಗಡಿಯಲ್ಲಿ ಅವರ ಹೊಸ ಕಾದಂಬರಿ ಕೇಳುತ್ತೇನೆ. ಅಂಗಡಿಯವರು ಕಪಾಟಿನತ್ತ ಒಮ್ಮೆ ನೋಡಿ, “ಇನ್ನೂ ಬಂದಿಲ್ರೀ ಟೀಚರ್” ಎನ್ನುತ್ತಾರೆ.